ಹುಳುಮನೆಯಿಂದ ಸಿಯಾಟಲ್‌ಗೆ: ಬೇಸ್‌ಬಾಲ್ ತಂಡವೊಂದರ ಇಡೀ ಸೀಸನ್ ಹಿಡಿಯುವ ಬಗೆ

2022ರ ಏಪ್ರಿಲ್ ಕೊನೆಗೆ ಮಗಳ ಬಾಣಂತನಕ್ಕೆಂದು ಸಿಯಾಟಲ್ ಪಕ್ಕದ ಬೆಲ್‌ವ್ಯೂಗೆ ಹೋದೆ. ಮೇಲೂರು ಕಡೆಯ ನಮ್ಮ ಹಳ್ಳಿಯ ರೇಷ್ಮೆ ಹುಳುಮನೆ, ಹಿಪ್ಪುನೇರಳೆ ತೋಟ ಎಲ್ಲವನ್ನೂ ಯಜಮಾನರಿಗೆ ಒಪ್ಪಿಸಿ ಸುಮಾರು ಆರು ತಿಂಗಳು ಅಲ್ಲಿದ್ದೆ. ಸಂಜೆ ಹೊತ್ತು ಮಗುವನ್ನು ಕಾಲ ಮೇಲೆ ಹಾಕಿಕೊಂಡು ತಟ್ಟುತ್ತಾ ಕೂತರೆ ಎದುರಿನ ಟಿವಿಯಲ್ಲಿ ಸಿಯಾಟಲ್ ಮ್ಯಾರಿನರ್ಸ್ ತಂಡದ ಬೇಸ್‌ಬಾಲ್. ಇವತ್ತೂ ಇತ್ತು, ನಾಳೆಯೂ ಇತ್ತು, ನಾಡಿದ್ದೂ ಇತ್ತು. ವಾರಕ್ಕೆ ಆರು ದಿನವಾದರೂ ಆಡ್ತಾರೆ. ನಮ್ಮ ಹುಳುವಿನ ಹಾಗೆ ಈ ಆಟಕ್ಕೂ ದಿನಾ ಮೇವು ಬೇಕು ಅಂತ ಆವಾಗಲೇ ಅನ್ನಿಸಿತ್ತು.

ಊರಿಗೆ ಬಂದ ಮೇಲೂ ಬಿಡಲಿಲ್ಲ. 2023, 2024, 2025, ಮೂರು ಸೀಸನ್ ಇಲ್ಲೇ ಕೂತು ಮೊದಲಿಂದ ಕೊನೆವರೆಗೆ ಹಿಂಬಾಲಿಸಿದ್ದೀನಿ. ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟಿನಲ್ಲಿ ಸಿಗೋ ಹುಡುಗರು, "162 ಮ್ಯಾಚ್ ಯಾರು ನೋಡ್ತಾರೆ ಅಕ್ಕಾ?" ಅಂತ ಕೇಳ್ತಾರೆ. ಯಾರೂ ಅಷ್ಟೂ ನೋಡಲ್ಲ, ನೋಡಬೇಕಾಗಿಯೂ ಇಲ್ಲ. ಐಪಿಎಲ್‌ನಲ್ಲಿ ಒಂದು ತಂಡಕ್ಕೆ ಲೀಗ್ ಹಂತದಲ್ಲಿ 14 ಮ್ಯಾಚ್, ಪ್ರತಿಯೊಂದೂ ಒಂದು ಹಬ್ಬ. ಬೇಸ್‌ಬಾಲ್ ಹಬ್ಬ ಅಲ್ಲ, ಸಂಸಾರ. ಸುಮಾರು 186 ದಿನದಲ್ಲಿ 162 ಪಂದ್ಯ. ಒಂದೊಂದು ಮ್ಯಾಚ್ ಹಿಡಿದು ನೋಡಿದರೆ ಕೈಗೆ ಸಿಗಲ್ಲ. ಸೀಸನ್ ಅನ್ನೋದನ್ನೇ ಒಂದು ಬೆಳೆ ಅಂತ ಹಿಡಿದರೆ ಸಿಗುತ್ತೆ. ಹೇಗೆ ಅಂತ ಹೇಳ್ತೀನಿ.

ಮೊದಲು ತಂಡ. ಒಂದೇ ಒಂದು ತಂಡ ಆರಿಸಿಕೊಳ್ಳಿ, ಎರಡಲ್ಲ. ಅಮೆರಿಕದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ: ಅಮೆರಿಕನ್ ಲೀಗ್‌ನಲ್ಲಿ 15, ನ್ಯಾಷನಲ್ ಲೀಗ್‌ನಲ್ಲಿ 15. ಒಂದೊಂದು ಲೀಗ್‌ನಲ್ಲೂ ಪೂರ್ವ, ಮಧ್ಯ, ಪಶ್ಚಿಮ ಅಂತ ಐದೈದು ತಂಡದ ಮೂರು ವಿಭಾಗ. ಹೆಸರು ಕೇಳಿದವರೆಲ್ಲ ನ್ಯೂಯಾರ್ಕ್ ಯಾಂಕೀಸ್ ಕಡೆ ಹೋಗ್ತಾರೆ. ತಪ್ಪಿಲ್ಲ. ಆದರೆ ತಂಡ ಆರಿಸೋಕೆ ಮುಂಚೆ ಗಡಿಯಾರ ನೋಡಿ ಅಂತ ನನ್ನ ಮಾತು. ನ್ಯೂಯಾರ್ಕ್, ಬಾಸ್ಟನ್ ಕಡೆ ರಾತ್ರಿ 7:05ಕ್ಕೆ ಶುರುವಾಗೋ ಪಂದ್ಯ ನಮಗೆ ಬೆಳಗಿನ ಜಾವ 4:35. ಹಾಲು ಕರೆಯೋರು, ಡೇರಿಗೆ ಹೋಗೋರು ಇದ್ದರೆ ಅವರಿಗೆ ಪೂರ್ವದ ತಂಡ ಸರಿ. ಚಿಕಾಗೊ ಕಡೆಯ 6:40ರ ಪಂದ್ಯ ನಮಗೆ 5:10. ಸಿಯಾಟಲ್ ಪಶ್ಚಿಮ ತೀರದ್ದು. ಅಲ್ಲಿ ಸಂಜೆ 6:40 ಅಂದರೆ ನಮಗೆ ಮರುದಿನ ಬೆಳಿಗ್ಗೆ 7:10. ಸೊಪ್ಪು ಕೊಯ್ದು ತಂದು, ಬೆಳಗಿನ ಮೇವು ಹಾಕಿ, ಕೈ ತೊಳೆದು ಕೂರೋ ಹೊತ್ತಿಗೆ ಸರಿಯಾಗಿ ಮೊದಲ ಇನಿಂಗ್ಸ್. ಮಗಳ ಊರು ಅನ್ನೋದಕ್ಕಿಂತ ಈ 7:10ಕ್ಕೇ ಆ ತಂಡ ನನಗೆ ಉಳಿದಿದ್ದು.

ಸಿಯಾಟಲ್‌ಗೂ ನಮಗೂ ಸೀಸನ್ ಪೂರ್ತಿ ಹನ್ನೆರಡೂವರೆ ಗಂಟೆ ವ್ಯತ್ಯಾಸ. ಅವರ ಸಂಜೆಯನ್ನು ಬೆಳಿಗ್ಗೆ ಮಾಡಿ ಅರ್ಧ ಗಂಟೆ ಕೂಡಿಸಿದರೆ ಮುಗೀತು. ತಾರೀಖಿನಲ್ಲಿ ಮಾತ್ರ ಎಡವಬೇಡಿ. ಅವರ ಮಂಗಳವಾರದ ಪಂದ್ಯ ನಮ್ಮ ಬುಧವಾರ. ಮೊದಲ ತಿಂಗಳು ನಾನು ಒಂದು ದಿನ ಮುಂಚೆಯೇ ಫೋನ್ ಹಿಡಿದು ಕಾದಿದ್ದುಂಟು. ಈಗ ಎರಡೂ ತಾರೀಖು ಬರೀತೀನಿ. ಅವರ ಭಾನುವಾರದ ಪಂದ್ಯ ಮಧ್ಯಾಹ್ನ ಇರೋದರಿಂದ ನಮಗೆ ಮಧ್ಯರಾತ್ರಿ ದಾಟುತ್ತೆ. ಅದನ್ನು ನಾನು ಬಿಟ್ಟುಬಿಡ್ತೀನಿ, ಎದ್ದ ಮೇಲೆ ಸ್ಕೋರ್ ನೋಡಿದರೆ ಸಾಕು.

ಆಟದ ನಿಯಮ ಎಷ್ಟು ಗೊತ್ತಿರಬೇಕು? ಸ್ವಲ್ಪ. ಒಂಬತ್ತು ಜನ, ಒಂಬತ್ತು ಇನಿಂಗ್ಸ್, ಒಂದು ಸರದಿಗೆ ಮೂರು ಔಟ್. ಬ್ಯಾಟರ್ ಬೀಸಿ ತಪ್ಪಿದರೆ, ಇಲ್ಲಾ ಅಳತೆಯೊಳಗಿನ ಎಸೆತ ಬಿಟ್ಟರೆ ಅದು ಸ್ಟ್ರೈಕ್; ಅಳತೆ ಮೀರಿದ ಎಸೆತ ಬಿಟ್ಟರೆ ಅದಕ್ಕೆ ಬಾಲ್ ಅಂತಾರೆ. ಮೂರು ಸ್ಟ್ರೈಕ್ ಆದರೆ ಬ್ಯಾಟರ್ ಔಟ್, ನಾಲ್ಕು ಬಾಲ್ ಆದರೆ ಸುಮ್ಮನೆ ನಡೆದು ಮೊದಲ ಬೇಸ್‌ಗೆ. ಬೇಸ್‌ನಿಂದ ಬೇಸ್‌ಗೆ 90 ಅಡಿ, ನಾಲ್ಕು ಬೇಸ್ ಸುತ್ತಿ ಬಂದರೆ ಒಂದು ರನ್. ಡ್ರಾ ಅನ್ನೋದಿಲ್ಲ, ಸಮ ಆದರೆ ಮುಂದಕ್ಕೆ ಆಡ್ತಾನೇ ಹೋಗ್ತಾರೆ. ಕ್ರಿಕೆಟ್ ನೋಡಿ ಬೆಳೆದ ನಾವು ಒಂದು ವಿಷಯ ಮಾತ್ರ ತಲೆಯಿಂದ ತೆಗೀಬೇಕು. ಇಲ್ಲಿ ಔಟ್ ಆದವನ ದಿನ ಮುಗಿಯಲ್ಲ. ಅದೇ ಬ್ಯಾಟರ್ ಒಂದು ಪಂದ್ಯದಲ್ಲಿ ನಾಲ್ಕು ಸಲ ಬರ್ತಾನೆ. ಹತ್ತಕ್ಕೆ ಮೂರು ಸಲ ಹಿಟ್ ಮಾಡಿದರೆ ಅವನು ಬಹಳ ಒಳ್ಳೆ ಬ್ಯಾಟರ್. ಏಳು ಸಲ ತಪ್ಪೋದನ್ನು ಅವನು ತಾಳಿಕೊಳ್ತಾನೆ, ನೋಡೋರೂ ತಾಳಿಕೊಳ್ಳಬೇಕು.

ಹೊತ್ತು ತುಂಬಾ ತಿನ್ನುತ್ತೆ ಅಂತ ಮೊದಲು ದೂರಿತ್ತು. 2023ರಿಂದ ಪಿಚರ್, ಅಂದರೆ ಚೆಂಡು ಎಸೆಯೋನು, ಎಸೆಯೋಕೆ ಗಡಿಯಾರ ಇಟ್ಟಿದ್ದಾರೆ. ಬೇಸ್ ಖಾಲಿ ಇದ್ದರೆ 15 ಸೆಕೆಂಡ್‌ನಲ್ಲಿ ಎಸೆಯಲೇಬೇಕು. ಮೂರು ಗಂಟೆ ದಾಟುತ್ತಿದ್ದ ಪಂದ್ಯ ಎರಡೂ ಮುಕ್ಕಾಲು ಗಂಟೆಯ ಒಳಗೆ ಮುಗಿಯೋ ಹಾಗಾಯ್ತು. ನಮ್ಮಂಥ ಕೆಲಸದವರಿಗೆ ಇದರಿಂದ ದೊಡ್ಡ ಉಪಕಾರ.

ಇನ್ನು ನೋಡೋದು ಎಲ್ಲಿ. ಎಂಎಲ್‌ಬಿ, ಅಂದರೆ ಮೇಜರ್ ಲೀಗ್ ಬೇಸ್‌ಬಾಲ್‌ನ ಆ್ಯಪ್ ಇಳಿಸಿಕೊಳ್ಳಿ. ಅದರಲ್ಲಿ ಗೇಮ್‌ಡೇ ಅಂತ ಇದೆ, ದುಡ್ಡಿಲ್ಲ. ಒಂದೊಂದು ಎಸೆತವೂ ಚುಕ್ಕಿಯಾಗಿ ಬಂದು ಕೂರುತ್ತೆ. ನೆಟ್‌ವರ್ಕ್ ಒಂದು ಕಡ್ಡಿ ಇದ್ದರೂ ನಡೆಯುತ್ತೆ. ಮುಗಿದ ಪಂದ್ಯದ ಮುಖ್ಯ ಭಾಗ ಯೂಟ್ಯೂಬ್‌ನಲ್ಲಿ ಸಿಗುತ್ತೆ. ವಿಡಿಯೊ ನೇರವಾಗಿ ಬೇಕಾದರೆ ಚಂದಾ ಕಟ್ಟಬೇಕು. ರೇಡಿಯೊ ಕಾಮೆಂಟರಿಗೆ ಬೇರೆ ಚಂದಾ ಇದೆ, ವಿಡಿಯೊಗಿಂತ ಕಡಿಮೆ. ನಾನು ಆರಿಸಿಕೊಂಡಿದ್ದು ರೇಡಿಯೊ. ಸೊಪ್ಪು ಹರಡುವಾಗ ಎರಡು ಕೈಯೂ ಬೇಕು, ಕಣ್ಣು ಹುಳುವಿನ ಮೇಲಿರಬೇಕು, ಕಿವಿ ಮಾತ್ರ ಖಾಲಿ. ಹುಳುಮನೆ ಕಿಟಕಿಯಲ್ಲಿ ಫೋನ್ ಇಟ್ಟರೆ ಸಿಯಾಟಲ್‌ನ ಜನರ ಗದ್ದಲ, ಬ್ಯಾಟಿನ ಸದ್ದು ಎಲ್ಲ ಕೇಳುತ್ತೆ. ಅವರ ಇಂಗ್ಲಿಷ್ ನನಗೆ ಪೂರ್ತಿ ತಿಳಿಯಲ್ಲ. ಆದರೆ ಚೆಂಡು ದೂರ ಹೋಯ್ತು ಅನ್ನೋದು ದನಿ ಏರೋದರಲ್ಲೇ ಗೊತ್ತಾಗುತ್ತೆ.

ಎಲ್ಲಕ್ಕಿಂತ ಮುಖ್ಯ ನೋಟ್‌ಬುಕ್. ಇದೊಂದು ಮಾಡಿದರೆ ಸೀಸನ್ ನಿಮ್ಮದಾಗುತ್ತೆ, ಮಾಡದಿದ್ದರೆ ಮೇ ತಿಂಗಳಿಗೆ ಕೈಬಿಟ್ಟು ಹೋಗುತ್ತೆ. ಹುಳುಮನೆಯಲ್ಲಿ ಉಷ್ಣಾಂಶ, ತೇವಾಂಶ, ಮೇವಿನ ಹೊತ್ತು ಬರೆಯೋ ಪುಸ್ತಕ ನಮ್ಮಲ್ಲಿ ಇದ್ದೇ ಇರುತ್ತೆ. ನಾನು ಅಂಥದ್ದೇ ಇನ್ನೊಂದು 200 ಪುಟದ ಲಾಂಗ್ ಬುಕ್ ತಂದೆ. ಒಂದು ಪಂದ್ಯಕ್ಕೆ ಒಂದು ಸಾಲು: ಅವರ ತಾರೀಖು, ನಮ್ಮ ತಾರೀಖು, ಎದುರಾಳಿ, ಊರಲ್ಲೋ ಹೊರಗೋ, ಸ್ಕೋರ್, ಮೊದಲು ಎಸೆದ ಪಿಚರ್ ಯಾರು. ಕೊನೆಗೆ ಒಂದೇ ಒಂದು ಮಾತು, ನಿಮ್ಮದೇ. "ಎಂಟನೇ ಇನಿಂಗ್ಸ್‌ನಲ್ಲಿ ಕೈಬಿಟ್ಟರು." "ಹೊಸ ಹುಡುಗ ಚೆನ್ನಾಗಿ ಎಸೆದ." "ಕೇಳಲಿಲ್ಲ, ಚಿಂತಾಮಣಿ ಮದುವೆ." ಎರಡು ನಿಮಿಷದ ಕೆಲಸ. ಪಂದ್ಯ ನೋಡದ ದಿನವೂ ಸಾಲು ಮಾತ್ರ ತಪ್ಪಿಸಬೇಡಿ.

ಆ ಸಾಲಿನಲ್ಲಿ ಪಿಚರ್ ಹೆಸರು ಯಾಕೆ ಅಂದರೆ, ತಂಡದ ನಾಡಿ ಅಲ್ಲೇ ಇರೋದು. ಪಂದ್ಯ ಶುರು ಮಾಡೋ ಪಿಚರ್ ಸುಮಾರು ನೂರು ಚೆಂಡು ಎಸೆದು ಇಳೀತಾನೆ, ಮತ್ತೆ ನಾಲ್ಕೈದು ದಿನ ಅವನ ತೋಳಿಗೆ ವಿಶ್ರಾಂತಿ. ಹಾಗಾಗಿ ಪ್ರತಿ ತಂಡದಲ್ಲೂ ಐದು ಜನ ಸರದಿಯಲ್ಲಿ ಎಸೀತಾರೆ. ತೋಟವನ್ನು ಭಾಗ ಮಾಡಿ, ಒಂದು ಭಾಗ ಕೊಯ್ದ ಮೇಲೆ ಅದು ಚಿಗುರಿ ಹದಕ್ಕೆ ಬರೋತನಕ ಇನ್ನೊಂದು ಭಾಗದ ಸೊಪ್ಪು ಕೊಯ್ಯೋದು ನಮಗೆ ಗೊತ್ತಿರೋದೇ. ಅದೇ ಲೆಕ್ಕ. ಒಬ್ಬ ಪಿಚರ್‌ಗೆ ಪೆಟ್ಟಾದರೆ ಉಳಿದ ನಾಲ್ವರ ಮೇಲೆ ಭಾರ ಬೀಳುತ್ತೆ, ಎರಡು ವಾರದಲ್ಲಿ ತಂಡ ಸೊರಗುತ್ತೆ. ಸಾಲುಗಳನ್ನು ಕೆಳಕ್ಕೆ ಓದ್ತಾ ಹೋದರೆ ಅದು ಕಣ್ಣಿಗೆ ಕಾಣುತ್ತೆ. ಸಿಯಾಟಲ್ ಕಡೆ ಲೋಗನ್ ಗಿಲ್ಬರ್ಟ್, ಜಾರ್ಜ್ ಕರ್ಬಿ, ಲೂಯಿಸ್ ಕಾಸ್ಟಿಯೊ, ಬ್ರಯಾನ್ ವೂ, ಬ್ರೈಸ್ ಮಿಲ್ಲರ್ ಅಂತ ಐವರ ಹೆಸರು ನನ್ನ ಪುಸ್ತಕದ ತುಂಬಾ ಇದೆ. ಇಂಥವನ ಸರದಿ ಬಂದ ದಿನ ನನಗೆ ಮನಸ್ಸು ಹಗುರ ಅಂತ ಆಗೋವರೆಗೂ ತಂಡ ನಿಮ್ಮದಾಗಿಲ್ಲ ಅಂತಲೇ ತಿಳಿಯಿರಿ.

ಪಿಚರ್ ಒಳ್ಳೆಯವನೋ ಅಲ್ಲವೋ ನೋಡೋಕೆ ಇಆರ್‌ಎ ಅನ್ನೋ ಒಂದು ಅಂಕಿ ಸಾಕು: ಒಂಬತ್ತು ಇನಿಂಗ್ಸ್‌ಗೆ ಅವನು ತನ್ನ ಲೆಕ್ಕದಲ್ಲಿ ಎಷ್ಟು ರನ್ ಬಿಟ್ಟುಕೊಡ್ತಾನೆ ಅಂತ. ಶಿಡ್ಲಘಟ್ಟದ ರೀಲರ್‌ಗಳಿಗೆ ಇದನ್ನು ಹೇಳೋದು ಸುಲಭ, ರೆಂಡಿಟ್ಟ ಇದ್ದ ಹಾಗೆ. ಒಂದು ಕೆಜಿ ರೇಷ್ಮೆ ತೆಗೆಯೋಕೆ ಎಷ್ಟು ಕೆಜಿ ಗೂಡು ಬೇಕು ಅನ್ನೋದು ಕಡಿಮೆ ಇದ್ದಷ್ಟೂ ಒಳ್ಳೇದು ತಾನೇ? ಇದೂ ಕಡಿಮೆ ಇದ್ದಷ್ಟೂ ಒಳ್ಳೇದು. ಮೂರರ ಆಸುಪಾಸು ಇದ್ದರೆ ಚಿನ್ನ, ಐದು ದಾಟಿದರೆ ಕಷ್ಟ.

ಈ ಎಸೆತದ ವಿದ್ಯೆ ನಮ್ಮ ದೇಶದವರಿಗೆ ಒಗ್ಗಲ್ಲ ಅನ್ನಬೇಡಿ. ಉತ್ತರ ಪ್ರದೇಶದ ಇಬ್ಬರು ಜಾವೆಲಿನ್ ಹುಡುಗರು, ರಿಂಕು ಸಿಂಗ್ ಮತ್ತು ದಿನೇಶ್ ಪಟೇಲ್, 2008ರಲ್ಲಿ ಪಿಟ್ಸ್‌ಬರ್ಗ್ ಪೈರೇಟ್ಸ್ ಜೊತೆ ಒಪ್ಪಂದ ಮಾಡಿಕೊಂಡು ಅವರ ಕೆಳಹಂತದ ತಂಡಗಳಲ್ಲಿ ಆಡಿದರು. ಈ ರಿಂಕು ಸಿಂಗ್ ಬೇರೆ, ನಮ್ಮ ಐಪಿಎಲ್ ರಿಂಕು ಸಿಂಗ್ ಬೇರೆ.

ಪಾಯಿಂಟ್ಸ್ ಟೇಬಲ್ ವಾರಕ್ಕೊಮ್ಮೆ ಸಾಕು, ನಾನು ಸೋಮವಾರ ನೋಡ್ತೀನಿ. ಅಲ್ಲಿ ಪಾಯಿಂಟ್ ಇರಲ್ಲ, ಗೆಲುವು ಸೋಲು ಮಾತ್ರ. ಜಿಬಿ ಅಂತ ಒಂದು ಕಾಲಂ ಇದೆ, ಎಷ್ಟು ಪಂದ್ಯ ಹಿಂದಿದ್ದೀವಿ ಅನ್ನೋದು. ಮೊದಲ ಸ್ಥಾನದ ತಂಡ 50 ಗೆದ್ದು 40 ಸೋತಿದೆ, ನಮ್ಮದು 46 ಗೆದ್ದು 43 ಸೋತಿದೆ ಅಂದುಕೊಳ್ಳಿ. ಗೆಲುವಿನಲ್ಲಿ 4 ಕಡಿಮೆ, ಸೋಲಿನಲ್ಲಿ 3 ಜಾಸ್ತಿ, ಕೂಡಿದರೆ 7, ಅದರಲ್ಲಿ ಅರ್ಧ ಮೂರೂವರೆ. ನೀವು ನೋಡಬೇಕಾದ್ದು ನಿಮ್ಮ ವಿಭಾಗದ ಐದು ತಂಡ. ನಮ್ಮದರಲ್ಲಿ ಹ್ಯೂಸ್ಟನ್, ಟೆಕ್ಸಸ್, ಏಂಜಲ್ಸ್, ಆಮೇಲೆ 2024ರ ನಂತರ ಓಕ್‌ಲ್ಯಾಂಡ್ ಬಿಟ್ಟು ಹೋದ ಅಥ್ಲೆಟಿಕ್ಸ್. ಒಂದೊಂದು ಲೀಗ್‌ನಲ್ಲಿ ಮೂರು ವಿಭಾಗದ ಮೊದಲಿಗರು, ಉಳಿದವರಲ್ಲಿ ಮೇಲಿನ ಮೂವರು, ಒಟ್ಟು ಆರು ತಂಡ ಅಕ್ಟೋಬರ್‌ನ ನಾಕೌಟ್ ಸುತ್ತುಗಳಿಗೆ ಹೋಗುತ್ತೆ. ಆ ಮೂವರಿಗೆ ವೈಲ್ಡ್ ಕಾರ್ಡ್ ಅಂತಾರೆ.

ತಿಂಗಳ ಲೆಕ್ಕ ನಮ್ಮ ಹಬ್ಬಗಳ ಜೊತೆ ಕಟ್ಟಿಕೊಂಡರೆ ಮರೆಯಲ್ಲ. ಶಿವರಾತ್ರಿ ಹೊತ್ತಿಗೆ ಅವರು ಅರಿಜೋನಾದ ಪಿಯೋರಿಯಾದಲ್ಲಿ ಅಭ್ಯಾಸಕ್ಕೆ ಸೇರಿರ್ತಾರೆ. ಯುಗಾದಿ ಆಸುಪಾಸು ಸೀಸನ್ ಶುರು. ಆಷಾಢದಲ್ಲಿ, ಜುಲೈ ಮಧ್ಯಕ್ಕೆ, ಎರಡು ಲೀಗ್‌ನ ಆಯ್ದ ಆಟಗಾರರ ಆಲ್ ಸ್ಟಾರ್ ಪಂದ್ಯಕ್ಕೆಂದು ನಾಲ್ಕು ದಿನ ಬಿಡುವು. ಜುಲೈ ಕೊನೆಗೋ ಆಗಸ್ಟ್ ಮೊದಲಿಗೋ, ಶ್ರಾವಣದ ಆಚೀಚೆ, ಆಟಗಾರರ ಕೊಡುಕೊಳ್ಳುವಿಕೆಗೆ ಕೊನೆ ದಿನ. ಆ ವಾರ ಮಾತ್ರ ದಿನಾ ಸುದ್ದಿ ಓದಿ, ಯಾಕೆಂದರೆ ನಿಮ್ಮ ನೋಟ್‌ಬುಕ್‌ನಲ್ಲಿದ್ದ ಹೆಸರು ಬೆಳಗಾಗೋದರೊಳಗೆ ಇನ್ನೊಂದು ಊರಿಗೆ ಹೋಗಿರಬಹುದು. 2022ರಲ್ಲಿ ಕಾಸ್ಟಿಯೊ ಸಿನ್ಸಿನಾಟಿಯಿಂದ ನಮಗೆ ಬಂದದ್ದು ಹಾಗೆಯೇ. ನವರಾತ್ರಿ ಹೊತ್ತಿಗೆ 162 ಮುಗಿಯುತ್ತೆ. ದೀಪಾವಳಿಗೆ ದೊಡ್ಡ ಪಂದ್ಯಗಳು.

ಸೋಲಿನ ಬಗ್ಗೆ ಹೇಳಲೇಬೇಕು, ಹೊಸಬರು ಬಿಟ್ಟು ಹೋಗೋದೇ ಇಲ್ಲಿ. ಯಾವ ತಂಡವಾದರೂ 54 ಗೆಲ್ಲುತ್ತೆ, 54 ಸೋಲುತ್ತೆ, ಉಳಿದ 54ರಲ್ಲಿ ಏನು ಮಾಡ್ತೀರಿ ಅನ್ನೋದೇ ಸೀಸನ್ ಅಂತ ಬೇಸ್‌ಬಾಲ್‌ನವರು ಹಳೇ ಮಾತೊಂದು ಆಡ್ತಾರೆ. ಎಲ್ಲೋ ಒಮ್ಮೆ ಆ ಲೆಕ್ಕ ತಪ್ಪುತ್ತೆ. 2024ರಲ್ಲಿ ಚಿಕಾಗೊ ವೈಟ್ ಸಾಕ್ಸ್ 121 ಸೋತು ಬರೀ 41 ಗೆದ್ದಿತು. ಸಾಮಾನ್ಯವಾಗಿ ನೂರು ಗೆದ್ದ ತಂಡ ಅಂದರೆ ಅತ್ಯುತ್ತಮ, ಅದೂ 62 ಸಲ ಸೋತಿರುತ್ತೆ. ನಮ್ಮ ಸಿಯಾಟಲ್ 2001ರಲ್ಲಿ 116 ಪಂದ್ಯ ಗೆದ್ದಿತ್ತು. ಜಪಾನಿನ ಇಚಿರೊ ಅಲ್ಲಿ ಆಡಿದ ಮೊದಲ ವರ್ಷ ಅದು. ಅಷ್ಟು ಗೆದ್ದೂ ಅಕ್ಟೋಬರ್‌ನಲ್ಲಿ ಯಾಂಕೀಸ್‌ಗೆ ಸೋತರು. ಆಮೇಲೆ 21 ವರ್ಷ ಅಕ್ಟೋಬರ್‌ನ ಮುಖ ನೋಡಲಿಲ್ಲ. ಆರ್‌ಸಿಬಿಗೆ 18 ವರ್ಷ ಕಾದ ಜನ ನಾವು, 2025ರ ಜೂನ್ 3ರ ರಾತ್ರಿ ಹೇಗಿತ್ತು ಅಂತ ಬಲ್ಲೆವು. 2022ರ ಸೆಪ್ಟೆಂಬರ್ 30ರಂದು ಸಿಯಾಟಲ್ ಹಾಗಿತ್ತು. ಓಕ್‌ಲ್ಯಾಂಡ್ ವಿರುದ್ಧ 1-1, ಒಂಬತ್ತನೇ ಇನಿಂಗ್ಸ್, ಎರಡು ಔಟ್, ಮೂರು ಬಾಲ್ ಎರಡು ಸ್ಟ್ರೈಕ್. ಬದಲಿಯಾಗಿ ಬಂದ ಕ್ಯಾಚರ್ (ನಮ್ಮ ವಿಕೆಟ್ ಕೀಪರ್ ಥರ) ಕ್ಯಾಲ್ ರಾಲಿ ಚೆಂಡನ್ನು ಮೈದಾನದ ಆಚೆ ಹೊಡೆದ, ಹೋಮ್ ರನ್. ನವರಾತ್ರಿಯ ದಿನ, ಮಗಳ ಮನೆಯಲ್ಲಿ ಪುಟ್ಟ ಗೊಂಬೆ ಕೂರಿಸಿದ್ದೆವು. ಅಳಿಯ ಕೂಗಿದ ಕೂಗಿಗೆ ಮಗು ಎದ್ದು ಅತ್ತಿತು, ಕೆಳಗಿನ ಬೀದಿಯಲ್ಲಿ ಕಾರುಗಳ ಹಾರ್ನ್ ನಿಲ್ಲಲೇ ಇಲ್ಲ.

ಅದಾದ ಮೇಲಿನ ಎರಡು ವರ್ಷ ನನ್ನ ನೋಟ್‌ಬುಕ್ ನನಗೆ ಪಾಠ ಕಲಿಸಿತು. 2023ರಲ್ಲಿ 88 ಗೆದ್ದರು, ಒಂದೇ ಪಂದ್ಯದಿಂದ ವೈಲ್ಡ್ ಕಾರ್ಡ್ ತಪ್ಪಿತು. 2024ರಲ್ಲಿ 85 ಗೆದ್ದರು, ಮತ್ತೆ ಒಂದೇ ಪಂದ್ಯ. ಎರಡು ಸಲವೂ ನಾನು ಮೊದಲ ಪುಟಕ್ಕೆ ಹೋಗಿ ಏಪ್ರಿಲ್‌ನಿಂದ ಓದಿದೆ. ಒಂದೇ ರನ್ನಿನಿಂದ ಸೋತ ಪಂದ್ಯಗಳಿಗೆ ಕೆಂಪು ಪೆನ್ನಿನಲ್ಲಿ ಗೆರೆ ಹಾಕಿದೆ. ಆ ದಿನ ಬರೆದ ಮಾತು "ಪರವಾಗಿಲ್ಲ, ಇನ್ನೂ ಬೇಕಾದಷ್ಟು ಇದೆ" ಅಂತಿರುತ್ತೆ. ಚಾಕಿಯಲ್ಲಿ, ಅಂದರೆ ಹುಳು ಇನ್ನೂ ಮರಿಯಾಗಿದ್ದಾಗ, ಆದ ತಪ್ಪು ಅದು ಹಣ್ಣಾಗಿ ಗೂಡು ಕಟ್ಟೋ ಹೊತ್ತಿಗೆ ತೋರುತ್ತೆ ಅಂತ ನಮ್ಮತ್ತೆ ಹೇಳ್ತಿದ್ದರು. ಏಪ್ರಿಲ್‌ನ ಸೋಲಿಗೂ ಸೆಪ್ಟೆಂಬರ್‌ನ ಸೋಲಿಗೂ ತೂಕ ಒಂದೇ. ಬರೆದಿಟ್ಟವರಿಗೆ ಮಾತ್ರ ಇದು ಕಾಣೋದು, ಅದಕ್ಕೇ ಸಾಲು ತಪ್ಪಿಸಬೇಡಿ ಅಂತ ಅಷ್ಟು ಹೇಳಿದ್ದು.

ಒಂದು ಎಚ್ಚರಿಕೆ, ನನ್ನ ಕೈಯಿಂದಲೇ ಆದದ್ದು. 2023ರ ಸೆಪ್ಟೆಂಬರ್ ಕೊನೇ ವಾರ ನಮ್ಮ ಹುಳು ಹಣ್ಣಾಗಿತ್ತು. ಟೆಕ್ಸಸ್ ಜೊತೆ ಪಂದ್ಯ, ಗೆಲ್ಲಲೇಬೇಕು. ಇನ್ನೊಂದು ಇನಿಂಗ್ಸ್ ಆಗಲಿ ಅಂತ ಕೂತೆ. ಹಣ್ಣಾದ ಹುಳುವನ್ನು ಹೊತ್ತಿಗೆ ಸರಿಯಾಗಿ ಆರಿಸಿ ಗೂಡು ಕಟ್ಟೋ ಚಂದ್ರಿಕೆಗೆ ಬಿಡದಿದ್ದರೆ ಅದು ಇದ್ದಲ್ಲೇ ರೇಷ್ಮೆ ಬಿಟ್ಟು ಪೋಲು ಮಾಡುತ್ತೆ. ಆ ಲಾಟು ತೆಳುವಾಗಿ ಬಂತು, ಹರಾಜಿನಲ್ಲಿ ಕಡಿಮೆಗೆ ಹೋಯ್ತು. ಯಜಮಾನರು ಒಂದು ಮಾತೂ ಆಡಲಿಲ್ಲ, ನನಗೆ ಅದೇ ಹೆಚ್ಚು ನೋವಾಯ್ತು. ಅವತ್ತಿನಿಂದ ನಿಯಮ ಮಾಡಿಕೊಂಡಿದ್ದೀನಿ. ಹುಳು ನಾಲ್ಕನೇ ಜ್ವರ ಎದ್ದ (ಪೊರೆ ಕಳಚಿದ) ಮೇಲಿನ ವಾರ, ಹುಳು ಸೊಪ್ಪನ್ನು ಮಳೆ ಬಂದ ಹಾಗೆ ಸದ್ದು ಮಾಡಿಕೊಂಡು ತಿನ್ನೋ ಆ ವಾರ, ನೇರಪ್ರಸಾರ ಇಲ್ಲ. ರಾತ್ರಿ ಊಟ ಆದ ಮೇಲೆ ಸ್ಕೋರ್ ನೋಡಿ ಸಾಲು ಬರೆಯೋದು ಅಷ್ಟೇ. ನಿಮ್ಮದು ಟೊಮ್ಯಾಟೊ ಆಗಲಿ ದ್ರಾಕ್ಷಿ ಆಗಲಿ, ಕಟಾವಿನ ವಾರವನ್ನು ಕ್ಯಾಲೆಂಡರ್‌ನಲ್ಲಿ ಮೊದಲೇ ಗುರುತು ಮಾಡಿ ಫೋನ್ ಮನೆಯಲ್ಲಿಟ್ಟು ಹೋಗಿ.

ಅಕ್ಟೋಬರ್‌ಗೆ ಮಾತ್ರ ಬೇರೆ ನಿಯಮ. ಆರು ತಿಂಗಳು ಒಂದೊಂದು ಸಾಲಾಗಿ ಕೂಡಿಟ್ಟದ್ದನ್ನು ಕೂತು ಅನುಭವಿಸೋ ಕಾಲ ಇದು. ವೈಲ್ಡ್ ಕಾರ್ಡ್ ಸುತ್ತು ಹೆಚ್ಚೆಂದರೆ ಮೂರು ಪಂದ್ಯದ್ದು, ಆಮೇಲೆ ಐದರದ್ದು, ಆಮೇಲೆ ಏಳು, ಕೊನೆಗೆ ಫೈನಲ್ ಆದ ವರ್ಲ್ಡ್ ಸೀರೀಸ್ ಏಳು. ಆದಷ್ಟು ನೇರವಾಗಿಯೇ ನೋಡಿ. 2022ರಲ್ಲಿ ನಾನು ಹೊರಡೋ ಮುಂಚೆ ಹ್ಯೂಸ್ಟನ್ ಜೊತೆ 18 ಇನಿಂಗ್ಸ್ ಪಂದ್ಯ ನಡೆಯಿತು. ಆರು ಗಂಟೆಗೂ ಮೀರಿ ಎರಡೂ ಕಡೆ ಒಂದು ರನ್ನೂ ಇಲ್ಲದೆ ಆಡಿ, ಕೊನೆಗೆ 1-0ಯಲ್ಲಿ ಸೋತರು. ನಾಲ್ಕು ದಿನ ಬಿಟ್ಟು ದೇವನಹಳ್ಳಿಯಲ್ಲಿ ಇಳಿದಾಗಲೂ ಅದೇ ತಲೆಯಲ್ಲಿತ್ತು.

2025 ಬೇರೆಯೇ ವರ್ಷ. ರಾಲಿ 60 ಹೋಮ್ ರನ್ ಹೊಡೆದ, ಕ್ಯಾಚರ್ ಆಗಿ ಇಷ್ಟು ಯಾರೂ ಹೊಡೆದಿರಲಿಲ್ಲ. ದಿನಾ ಬಗ್ಗಿ ಕೂತು ನೂರಾರು ಚೆಂಡು ಹಿಡಿಯೋ ಮನುಷ್ಯ ಅವನು, ಆ ಮಂಡಿಗಳನ್ನು ನೆನೆಸಿಕೊಂಡರೆ ನನಗೆ ಸೊಪ್ಪು ಕೊಯ್ಯೋ ಹೆಂಗಸರು ನೆನಪಾಗ್ತಾರೆ. 90 ಗೆದ್ದು, 2001ರ ನಂತರ ಮೊದಲ ಸಲ ವಿಭಾಗದ ಮೊದಲ ಸ್ಥಾನ. ಡೆಟ್ರಾಯಿಟ್ ಜೊತೆ ಐದನೇ ಪಂದ್ಯ 15 ಇನಿಂಗ್ಸ್‌ಗೆ ಹೋಗಿ 3-2ರಲ್ಲಿ ಗೆದ್ದರು. ಆಮೇಲೆ ಟೊರೊಂಟೊ ಜೊತೆ ಏಳನೇ ಪಂದ್ಯ, ಗೆದ್ದರೆ ವರ್ಲ್ಡ್ ಸೀರೀಸ್. 1977ರಲ್ಲಿ ಹುಟ್ಟಿದ ಈ ತಂಡ ಇವತ್ತಿನವರೆಗೂ ಅಲ್ಲಿಗೆ ಹೋಗಿಲ್ಲ, 30ರಲ್ಲಿ ಹೋಗದಿರೋದು ಇದೊಂದೇ. ನಮಗೆ ಅದು ಅಕ್ಟೋಬರ್ 21ರ ಬೆಳಿಗ್ಗೆ, ನರಕ ಚತುರ್ದಶಿಯ ಮರುದಿನ. ಅಂಗಳದಲ್ಲಿ ಹಿಂದಿನ ರಾತ್ರಿಯ ಪಟಾಕಿ ಕಾಗದ ಗುಡಿಸದೆ ಹಾಗೇ ಬಿಟ್ಟು ಒಳಗೆ ಕೂತೆ. ಏಳನೇ ಇನಿಂಗ್ಸ್‌ವರೆಗೆ 3-1 ನಾವೇ ಮುಂದೆ. ಜಾರ್ಜ್ ಸ್ಪ್ರಿಂಗರ್ ಒಂದು ಹೊಡೆತಕ್ಕೆ ಮೂರು ರನ್ ತಂದ. 4-3.

ಅಂಥ ದಿನವೂ ಸಾಲು ಬರೆಯಬೇಕು. ನಾನು ಎರಡೂ ತಾರೀಖು ಹಾಕಿ, ಟೊರೊಂಟೊ, ಹೊರಗೆ, 4-3 ಅಂತ ಬರೆದು, ಪಿಚರ್ ಹೆಸರಿನ ಮುಂದೆ ಕರ್ಬಿ ಅಂತ ತುಂಬಿಸಿದೆ. ಕೊನೆಯ ಮಾತಿನ ಜಾಗ ಖಾಲಿ ಬಿಟ್ಟಿದ್ದೆ, ಮಾರನೇ ದಿನ ಬಲಿಪಾಡ್ಯಮಿ ಪೂಜೆ ಮುಗಿಸಿ ಬಂದು "ಎಂಟು ಔಟ್ ದೂರ ಇತ್ತು" ಅಂತ ಬರೆದೆ. ಮಾರ್ಕೆಟ್ ಹತ್ತಿರದ ಅಂಗಡಿಯಲ್ಲಿ ಮುಂದಿನ ವರ್ಷಕ್ಕೆ ಅದೇ ಥರದ್ದು, 200 ಪುಟದ್ದು, ಇನ್ನೊಂದು ತಂದಿಟ್ಟಿದ್ದೀನಿ. ವೇಳಾಪಟ್ಟಿ ಆ್ಯಪ್‌ನಲ್ಲಿ ತಿಂಗಳುಗಳ ಮುಂಚೆಯೇ ಸಿಗುತ್ತೆ. ಸಂಕ್ರಾಂತಿ ಬಿಡುವಿನಲ್ಲಿ ಕೂತು ತಾರೀಖು, ಎದುರಾಳಿ ಎರಡು ಕಾಲಂ ತುಂಬಿಸಿಕೊಳ್ಳಿ, ಉಳಿದದ್ದು ಯುಗಾದಿಗೆ ನೋಡೋಣ.